ಕೇಳಿ ನಡೆದ ದಾರಿ

೨೭ ಏಪ್ರಿಲ್ ೧೯೯೧, ಶನಿವಾರ

ಚರ್ಚಿನ ಹಿತ್ತಾಳೆ ಸಾಮಾನು ತಿಕ್ಕುವ ಸರದಿ ನನ್ನದು. ಪಾಲಿಶ್ ಡಬ್ಬಿ, ಹಳೇ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಚರ್ಚಿಗೆ ಹೋಗುವ ಹೆಣದ ಓಣಿಯ ಗೇಟಿಗೆ ಸರಪಳಿ. ಹೊಸ ಬೀಗ. ‘ಖಾಸಗಿ’ ಅಂತ ಬೋರ್ಡು. ಕಳೆದ ವರ್ಷ ಹೊಲ ಕೊಂಡ ಲ್ಯಾಂಗ್ರಿಶ್‌ನ ಕೆಲಸ.

ಊರಿನ ಹೆಣಗಳೆಲ್ಲ ಈ ಓಣಿಯಲ್ಲೇ ಹೋದದ್ದು. ನನ್ನ ಗಂಡ ಕ್ಲೆಮ್‌ನ ಪೆಟ್ಟಿಗೆಯನ್ನೂ ನಡುದಾರಿಯ ಕಲ್ಲಿನ ಮೇಲೆ ಇಳಿಸಿ, ಹೆಗಲು ಬದಲಿಸಿ ಒಯ್ದರು. ಇನ್ನೊಂದು ದಾರಿ ಎಂದರೆ ಹೆದ್ದಾರಿ — ಲಾರಿಗಳು, ಪಕ್ಕಕ್ಕೆ ಕಾಲಿಡಲೂ ಜಾಗವಿಲ್ಲ. ವಾಪಸ್ ಬಂದೆ. ಹಿತ್ತಾಳೆ ಹಾಗೇ ಉಳಿಯಿತು.

ಥಿರ್ಜಾ ದೊಡ್ಡಮ್ಮನಿಗೆ ಹೇಳಿದೆ. ಎಂಬತ್ತಾರು ವಯಸ್ಸು, ಸಿಟ್ಟಿಗೇನೂ ಕಡಿಮೆಯಿಲ್ಲ. “ನಾನಿನ್ನೂ ಹೋಗ್ಬೇಕಾದ ದಾರಿ ಕಣೇ ಅದು! ಹೇಳು ಅವ್ನಿಗೆ, ಮುದುಕಿ ಒಂದೇ ಸಲ ಹೋಗ್ತಾಳೆ, ವಾಪಸ್ ಬರಲ್ಲ ಅಂತ.”

೫ ಮೇ, ಭಾನುವಾರ

ಎಲ್ಲೆ ಸುತ್ತುವ ಭಾನುವಾರ. ವಿಲೋ ಮರದ ಕೋಲು ಕಡಿದು ತಂದಿದ್ದೆ. ಪ್ರತಿ ವರ್ಷ ಊರ ಗಡಿ ಸುತ್ತಿ, ಗಡಿಕಲ್ಲಿಗೆ ಕೋಲಿನಿಂದ ಬಡಿದು, ಬೆಳೆಗಾಗಿ ಪ್ರಾರ್ಥಿಸುತ್ತಿದ್ದೆವು. ಈ ಸಲ ಬೀಗದ ಮುಂದೆಯೇ ಪ್ರಾರ್ಥನೆ. ಪಾದ್ರಿಗಳು ಅವಸರದಲ್ಲಿದ್ದರು, ಅವರಿಗೆ ಆರು ಚರ್ಚು.

“ಜನ ಬರೋಕೇ ಆಗ್ದಿದ್ರೆ ಈ ಚರ್ಚು ಉಳಿಸ್ಕೊಳ್ಳೋದು ಕಷ್ಟ, ಹೆಸ್ಟರ್,” ಎಂದರು ಮೆಲ್ಲಗೆ. ಬರುವವರೇ ಬೆರಳೆಣಿಕೆ. ಯಾರಿಗೂ ಕಾರಿಲ್ಲ.

ಊರಿನ ಓಣಿಗಳ ಚರಿತ್ರೆ ಬರೆಯುವ ರಿಟೈರ್ಡ್ ಮೇಷ್ಟ್ರು ಪಾರ್ಫಿಟ್ ಮಾತ್ರ ಹುರುಪಿನಲ್ಲಿದ್ದರು. “ಅರ್ಜಿ ಹಾಕೋಣ. ಇಪ್ಪತ್ತು ವರ್ಷ ಜನ ನಡೆದಿದ್ರೆ ಅದು ಊರ ದಾರಿ. ನೀನೇ ನಮ್ಮ ಮೊದಲ ಸಾಕ್ಷಿ.”

ದೇವರು ಕೈಬಿಡಲಾರ.

೧೫ ಅಕ್ಟೋಬರ್, ಮಂಗಳವಾರ

ಊರ ಹಾಲ್‌ನಲ್ಲಿ ವಿಚಾರಣೆ. ಬೈಬಲ್ ಮೇಲೆ ಕೈಯಿಟ್ಟೆ. ಹೆದರಿಕೆ ಆಗಲಿಲ್ಲ. ಲ್ಯಾಂಗ್ರಿಶ್ ಕಡೆಯ ವಕೀಲ ಬೆಳ್ಳಿಗೂದಲಿನವನು, ಮೆದು ಮಾತು.

“ಹಿಂದಿನ ಮಾಲೀಕರು, ರೂಬೆನ್ ವೌಲ್ಸ್, ನಿಮ್ಮನ್ನ ಯಾವತ್ತೂ ತಡೀಲಿಲ್ವಾ ಮೇಡಂ?”

“ಯಾಕೆ ತಡೀತಾರೆ ಸಾರ್? ನಾವು ಮರ್ಯಾದಸ್ಥರು. ವರ್ಷ ವರ್ಷ ಎಲ್ಲೆ ಸುತ್ತೋ ಮುಂಚೆ ಅವ್ರ ಬಾಗ್ಲು ತಟ್ಟಿ ಕೇಳ್ತಿದ್ವಿ. ಮೊದ್ಲು ನಮ್ಮಮ್ಮ, ಆಮೇಲೆ ನಾನು. ಬರಿಗೈಲಿ ಅಲ್ಲ, ಶಾಜೀರಿಗೆ ಕೇಕ್ ಹಿಡ್ಕೊಂಡು.”

“ಏನಂತ ಕೇಳ್ತಿದ್ರಿ?”

“‘ಈ ವರ್ಷಾನೂ ಊರೋರು ಓಣೀಲಿ ಓಡಾಡ್ಬೋದಾ, ರೂಬೆನ್?’ ಅಂತ.”

“ಅವ್ರೇನಂತಿದ್ರು?”

“‘ಓಡಾಡಿ, ಓಡಾಡಿ. ದೇವ್ರ ಹತ್ರ ನನ್ನ ಹಸುಗಳ ಹೆಸ್ರೂ ಹೇಳಿ’ ಅಂತಿದ್ರು.”

ಹಾಲ್‌ನಲ್ಲಿ ನಗು. ವಕೀಲನೂ ನಕ್ಕ. “ಕೇಕು ಚೆನ್ನಾಗಿದ್ದಿರ್ಬೇಕು,” ಎಂದು ಕೂತುಬಿಟ್ಟ. ಬೇರೇನೂ ಕೇಳಲಿಲ್ಲ.

ಚೆನ್ನಾಗಿ ಹೇಳಿದೆ ಅನ್ನಿಸಿತು. ಅಮ್ಮ ಇರಬೇಕಿತ್ತು. ಪಾರ್ಫಿಟ್ ಮೇಷ್ಟ್ರು ಮಾತಾಡದೆ ಹೊರಟರು. ಹೊಟ್ಟೆನೋವಿರಬೇಕು.

ಅದೇ ದಿನ, ಸಂಜೆ

ಹೊಟ್ಟೆನೋವಲ್ಲ. ಮೇಷ್ಟ್ರು ಬಂದರು. ಟೋಪಿ ತೆಗೆಯಲಿಲ್ಲ.

“ಕೇಳಿ ನಡೆದ್ರೆ ಅದು ಹಕ್ಕಲ್ಲ ಹೆಸ್ಟರ್, ದಾಕ್ಷಿಣ್ಯ. ಕೇಳ್ದೇ ನಡೆದಿದ್ರೆ ಮಾತ್ರ ಕಾನೂನಲ್ಲಿ ಊರ ದಾರಿ ಆಗ್ತಿತ್ತು.”

“ಕಳ್ಳರ ಥರ ನಡೀಬೇಕಿತ್ತಾ?”

“ಕಳ್ಳರ ಥರ ಅಲ್ಲಮ್ಮ. ಯಜಮಾನರ ಥರ!”

ಚಹಾ ಬಗ್ಗಿಸಿ ಅವರ ಮುಂದಿಟ್ಟೆ.

ವಿಚಾರಣೆ ನಾಳೆಯೂ ಇದೆ. ಮತ್ತೆ ಎದ್ದು ನಿಲ್ಲಬೇಕಂತೆ. ಕೇಕ್ ಕೊಟ್ಟು ಹಬ್ಬದ ಶುಭಾಶಯ ಹೇಳಿದ್ದಷ್ಟೇ, ಅನುಮತಿ ಕೇಳಿದ್ದಲ್ಲ ಅನ್ನಬೇಕಂತೆ.

“ಬೈಬಲ್ ಮುಟ್ಟಿದೀನಿ ಮೇಷ್ಟ್ರೇ.”

“ದೇವ್ರು ಅರ್ಥ ಮಾಡ್ಕೋತಾನೆ.”

“ಅವನು ಅರ್ಥ ಮಾಡ್ಕೊಂಡ್ರೂ ಸುಳ್ಳು ಸುಳ್ಳೇ ಅಲ್ವಾ?”

ಚಹಾ ಮುಟ್ಟದೆ ಹೋದರು.

೧೬ ಅಕ್ಟೋಬರ್

ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. ಮೇಷ್ಟ್ರು ಎರಡು ಸಲ ತಿರುಗಿ ನೋಡಿದರು. ನಾನು ಏಳಲಿಲ್ಲ.

೨೩ ಜನವರಿ ೧೯೯೨, ಗುರುವಾರ

ಸೋತೆವು. ಓಣಿ ಲ್ಯಾಂಗ್ರಿಶ್‌ನದೇ.

ಅಂಗಡಿಗೆ ಹೋಗಬಾರದಿತ್ತು. ಹಾಲು ತರಲು ಹೋದೆ. ಗಲ್ಲಾ ಹಿಂದಿನಿಂದ ಡಾಟ್ ಕೀರ್ಲ್ — “ಕೇಕಿಗೆ ಹಿಟ್ಟು ಬೇಕೇನಮ್ಮ, ಹೆಸ್ಟರ್?” ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ಡಬ್ಬಿಗಳ ಕಡೆ ಮುಖ ತಿರುಗಿಸಿದರು.

ಮನೆಗೆ ಬಂದು ಮಂಡಿಯೂರಿದೆ. ಸತ್ಯ ಹೇಳಿದೆನಲ್ಲ, ತಂದೆಯೇ… ಆ ಕಡೆಯಿಂದಲೂ ಏನಿಲ್ಲ.

ದೊಡ್ಡಮ್ಮನಿಗೆ ಹೇಳಿಲ್ಲ.

೧೧ ಮಾರ್ಚ್, ಬುಧವಾರ

ದೊಡ್ಡಮ್ಮ ಹೋದಳು. ಬೆಳಗ್ಗೆ ಗಂಜಿ ಕುಡಿಸುವಾಗ ಕೈ ಹಿಡಿದು, “ಓಣೀಲೇ ಕರ್ಕೊಂಡ್ಹೋಗೇ ಹುಡುಗಿ. ಕಲ್ಲಿನ ಹತ್ರ ಸ್ವಲ್ಪ ಇಳ್ಸಿ. ನಾನು ಭಾರ ಇದೀನಿ,” ಎಂದಳು. ಹೂಂ ಅಂದೆ.

೧೨ ಮಾರ್ಚ್

ಕೇಕ್ ಮಾಡಿದೆ. ಕೈಗೆ ಬೇರೇನೂ ಗೊತ್ತಿಲ್ಲ. ಲ್ಯಾಂಗ್ರಿಶ್ ಬಾಗಿಲು ತಟ್ಟಿದೆ. ಒರಟನಲ್ಲ ಅವನು. ಒಳಗೆ ಕರೆದ, ಕೂರಿಸಿದ.

“ಒಂದೇ ಒಂದ್ಸಲ ಸಾರ್. ಪೆಟ್ಟಿಗೆ ಒಯ್ಯೋಕೆ.”

“ನೀವು ಕೇಳ್ಕೊಂಡು ಬಂದ್ರಲ್ಲ, ಅದು ದೊಡ್ಡತನ. ಆದ್ರೆ ಆಗಲ್ಲಮ್ಮ. ಇವತ್ತು ಹೂಂ ಅಂದ್ರೆ ನಾಳೆ ಎಲ್ಲರೂ ಬರ್ತಾರೆ. ತಪ್ಪು ತಿಳ್ಕೋಬೇಡಿ.”

ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡ. ಕೇಕ್ ನನ್ನ ಕೈಯಲ್ಲೇ.

ರೂಬೆನ್ ಯಾವಾಗಲೂ ಹೂಂ ಅನ್ನುತ್ತಿದ್ದರು. ಕೇಳಿದವರಿಗೆ ಇಲ್ಲ ಅಂತಲೂ ಅನ್ನಬಹುದು ಎನ್ನುವುದು ಅಮ್ಮನಿಗೂ ಹೊಳೆದಿರಲಿಲ್ಲ, ನನಗೂ.

೧೭ ಮಾರ್ಚ್, ಮಂಗಳವಾರ

ಹೆದ್ದಾರಿಯಲ್ಲಿ ಒಯ್ದರು. ಕಪ್ಪು ಕಾರು. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಬೇಲಿಯ ಸಂದಿಯಲ್ಲಿ ಕಲ್ಲು ಕಂಡಿತು. ಅಷ್ಟರಲ್ಲಿ ದಾಟಿಬಿಟ್ಟೆವು.

೨೪ ಮೇ, ಭಾನುವಾರ

ಎಲ್ಲೆ ಸುತ್ತುವ ದಿನ. ಪಾದ್ರಿಗಳು ನಿನ್ನೆಯೇ ಫೋನ್ ಮಾಡಿದ್ದರು — ಈ ವರ್ಷ ಸುತ್ತುವುದಿಲ್ಲ. ಸುಗ್ಗಿ ಪ್ರಾರ್ಥನೆ ಆದ ಮೇಲೆ ಚರ್ಚಿಗೂ ಬೀಗ.

ಆದರೂ ಒಂದು ವಿಲೋ ಕೋಲು ಕಡಿದೆ. ಗೇಟಿನ ತನಕ ಹೋದೆ. ಯಾರೂ ಇಲ್ಲ. ಆ ಕಡೆ ಹುಲ್ಲು ಸೊಂಟದ ಮಟ್ಟ, ಓಣಿಯೇ ಕಾಣುವುದಿಲ್ಲ. ಹತ್ತಿ ಇಳಿಯಬಹುದು, ಮೊಣಕಾಲಿನಲ್ಲಿ ಇನ್ನೂ ಶಕ್ತಿಯಿದೆ. ಕೇಳದೆ ನಡೆ ಅಂದಿದ್ದರಲ್ಲ ಮೇಷ್ಟ್ರು. ಓಣಿಯಾಚೆ, ಚರ್ಚಿನ ಅಂಗಳದಲ್ಲಿ ಕ್ಲೆಮ್ ಮಲಗಿದ್ದಾನೆ, ದೊಡ್ಡಮ್ಮ ಅಲ್ಲೇ.

ಕೆಳಗಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟೆ. ಸರಪಳಿ ಅಲುಗಿತು. ಬಾಯಿ ತಾನಾಗಿ ತೆರೆಯಿತು — “ಸ್ವಲ್ಪ ಹೋಗ್ಬೋದಾ…”

ಖಾಲಿ ಹೊಲ. ಕಾಲು ಇಳಿಸಿದೆ. ಕೋಲನ್ನು ಗೇಟಿಗೆ ಒರಗಿಸಿ, ವಾಪಸ್ ಬಂದೆ.