ಮಜೀದನ ಶೆಡ್ಡಿನ ಇಟಲಿ ಗಾಡಿ

11 ಜನವರಿ 2025, ಸಂಜೆ 5

ಬಲಗೈ ಹೋಯಿತು. ಟ್ರ್ಯಾಕ್ಟರಿನ ಫ್ಯಾನಿಗೆ ಸಿಕ್ಕು ಮಣಿಕಟ್ಟಿನ ತನಕ ಚಟ್ನಿ. ನೆಲದ ತುಂಬ ರಕ್ತ. ನನ್ನಾಕೆ ಫಕ್ಕೀರವ್ವ ಎದೆ ಬಡಿದುಕೊಂಡು ಓಣಿ ಕೂಡಿಸಿದಳು. ನಾಲ್ಕು ಮಂದಿ ಎತ್ತಿ ಆಟೋದಲ್ಲಿ ಹಾಕಿದರು. ದವಾಖಾನೆ ಮುಟ್ಟುವುದರೊಳಗೆ...

ಸುಳ್ಳು. ಬಲಗೈಯಿಂದಲೇ ಬರೆಯುತ್ತಿದ್ದೇನೆ. ರಕ್ತ ಅಂದದ್ದು ಬೀಟ್‌ರೂಟ್ ಕುದಿಸಿದ ನೀರು. ಚಟ್ನಿ ಅಂದದ್ದು ರಬ್ಬರ್ ಗ್ಲೌಸಿನಲ್ಲಿ ತುಂಬಿದ ಟೊಮೇಟೊ. ಆಟೋದಲ್ಲಿ ನಗು ತಡೆಯದೆ ಒಪ್ಪಿಕೊಂಡೆ. ಮನೆಗೆ ಬಂದ ಮೇಲೆ ಫಕ್ಕೀರವ್ವ ಲಟ್ಟಣಿಗೆಯಿಂದ ಭುಜಕ್ಕೆ ಬಿಟ್ಟಳು. ಊತ ಮಾತ್ರ ಅಸಲಿ.

“ಎಪ್ಪತ್ತೆರಡಾತು ನಿಮಗ. ಚಟ್ಟ ಏರೂ ವಯಸ್ಸಿನ್ಯಾಗ ಇದೆಂಥಾ ಚಟ?”

“ಚಟ ಇರೂತನಕ ಚಟ್ಟ ಹತ್ರ ಬರೂದಿಲ್ಲ ಬಿಡ.”

ಇನ್ನೊಂದು ಬಿತ್ತು.

ಮಧ್ಯಾಹ್ನ ಸವಣೂರಿನಿಂದ ಮಜೀದನ ಫೋನು. ಎಲೆಬಳ್ಳಿ ತೋಟದ ಮಜೀದ. ಅವನ ಅಪ್ಪ ಶೇಖಸಾಬನ ಕಾಲದಿಂದ ಅವರ ಟ್ರ್ಯಾಕ್ಟರ್ ರಿಪೇರಿ ನನ್ನದೇ. “ಕಾಕಾ, ಅಣ್ಣನ ಗಾಡಿ ಮಾರಿಬಿಡೂಣು ಅಂತ ಮಾಡೇನಿ. ಮೊದ್ಲ ನೀವ ಬಂದು ನೋಡ್ರಿ.”

ಆ ಗಾಡಿ! ಹತ್ತು ವರ್ಷದಿಂದ ತಾಡಪತ್ರಿಯ ಕೆಳಗೆ ಕೂತಿರುವ ಕೆಂಪು ಗಾಡಿ.

12 ಜನವರಿ

ಬೆಳಿಗ್ಗೆ ಸವಣೂರಿನ ಖಾರ ತಿಂದೆ, ಆಮೇಲೆ ಸವಣೂರಿನ ಕಾರು ನೋಡಿದೆ. ಎರಡಕ್ಕೂ ಕಣ್ಣಲ್ಲಿ ನೀರು.

1991ರ ಮಾಡೆಲ್. ಇಟಲಿಯದು. ಮಜೀದನ ಅಣ್ಣ ಮುಂಬೈಯಲ್ಲಿ ಗಾಡಿ ವ್ಯಾಪಾರ ಮಾಡುತ್ತಿದ್ದ, ಇದೊಂದನ್ನು ಮಾರದೆ ಊರಿಗೆ ತಂದಿಟ್ಟು ತೀರಿಹೋದ. ಎರಡೇ ಸೀಟು. ಇಂಜಿನ್ನು ಬೆನ್ನ ಹಿಂದೆ. ಸ್ವಿಚ್ಚು ಒತ್ತಿದರೆ ಮುಂದಿನ ದೀಪಗಳು ಬಾನೆಟ್ಟಿನಿಂದ ಎದ್ದು ಕಣ್ಣು ಬಿಡುತ್ತವೆ. ಕಾಗದ ಸರಿ ಇವೆ.

ಹೊಸ ಬ್ಯಾಟರಿ ಹಾಕಿ ಕೀಲಿ ತಿರುವಿದೆ. ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ... ಕಟ್ಟಿಹಾಕಿದ ಹೋರಿಗೆ ಬರೆ ಇಟ್ಟಂತೆ ಕೂಗು! ಶೆಡ್ಡಿನ ತಗಡು ನಡುಗಿತು. ಪಾರಿವಾಳ ಹಾರಿದವು. ಮಜೀದನ ಹೆಂಡತಿ ಕೌಸರ ಓಡಿ ಬಂದಳು. “ಯಾ ಅಲ್ಲಾ, ಸಿಲಿಂಡರ್ ಸಿಡೀತೇನ್ರಿ ಕಾಕಾ?”

ನನ್ನೊಳಗೇ ಏನೋ ಸಿಡಿದಿದೆ ಯವ್ವಾ ಅನ್ನಬೇಕೆಂದೆ. ಬಾಯಿ ಬರಲಿಲ್ಲ. ನನಗೆ! ಬಾಯಿ ಬರಲಿಲ್ಲ!

ತೋಟದ ದಾರಿಯಲ್ಲಿ ಒಂದು ಸುತ್ತು ಹೊಡೆದೆ. ನಲವತ್ತು ವರ್ಷ ಟ್ರ್ಯಾಕ್ಟರ್ ಕೆಳಗೆ ಮಲಗಿ ಎದ್ದವನು. ಮೊದಲ ಸಲ ನೆಲ ನನಗೆ ಹೆದರಿ ಹಿಂದೆ ಓಡಿತು.

13 ಜನವರಿ

ಬೇಕೋ ಬೇಡವೋ. ಗ್ಯಾರೇಜು ಮುಚ್ಚಿ ಎರಡು ವರ್ಷವಾಯಿತು. ಹಾನಗಲ್ಲಿನ ರಸ್ತೆ ಬದಿಯ ಆ ಜಾಗ ಮಾರಿದರೆ ಗಾಡಿ ಬರುತ್ತದೆ. ಬೇರೆ ದಾರಿ ಇಲ್ಲ.

ಊಟದ ಹೊತ್ತಿಗೆ ಹೇಳಿದೆ. ತಾಟು ಗೋಡೆಗೆ ಹೋಯಿತು. ಸಾರು ಗೋಡೆಯ ಮೇಲೆ ಇಳಿಯುತ್ತಿತ್ತು.

“ಎರಡ ಸೀಟಿನ ಗಾಡಿ! ಒಂದ್ರಾಗ ನೀವು. ಇನ್ನೊಂದ್ರಾಗ ಯಾರು, ಯಮಾನ?”

“ನೀನ ಅಲ್ಲೇನ.”

“ಎರಡೂ ಒಂದ ಅಂತೀರಿ, ಹಂಗಾರ.”

ಈ ಹೆಂಗಸಿಗೆ ನನ್ನ ಮಾತಿನ ಚಾಳಿ ಹತ್ತಿದೆ. ನಗಲಿಲ್ಲ ಮಾತ್ರ.

15 ಜನವರಿ

ಸವಣೂರು. ಶೇಖಸಾಬ ದನದ ದಲಾಲಿ ಮಾಡಿದವ. ಮಗನಿಗೂ ಅದೊಂದೇ ವ್ಯಾಪಾರ ಗೊತ್ತು. ಇಟಲಿ ಗಾಡಿಯ ಮುಂದೆ ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ಕೈ ಮೇಲೆ ಟಾವೆಲ್ ಹಾಕಿದ. ಒಳಗೆ ನನ್ನ ಬೆರಳು ಹಿಡಿದು ಒತ್ತಿದ. ಎತ್ತಿನ ವ್ಯಾಪಾರದ ಹಾಗೇ. ಬಾಯಲ್ಲಿ ದರ ಇಲ್ಲ, ಪಕ್ಕದವನಿಗೂ ಗೊತ್ತಾಗುವುದಿಲ್ಲ. ನಾನು ಒಂದು ಬೆರಳು ಕಳೆದೆ. ಅವನು ಅರ್ಧ ಬಿಟ್ಟ. ದರ ಕುದುರಿತು.

ಆಗ ಫಕ್ಕೀರವ್ವನ ತಾಟು ನೆನಪಾಯಿತು. ಕೈ ಹೊರಗೆ ತೆಗೆದೆ.

“ನಾಕ ದಿನ ಕೊಡೋ. ಮನಿಯಾಗ ಒಪ್ಪಿಸಿ ಬರ್ತೇನಿ.”

ಮಜೀದ ನನ್ನ ಕೈಯನ್ನೇ ನೋಡಿದ. “ಕಾಕಾ, ಕೈ ನೀವ ತಗದ್ರಿ, ನಾ ಅಲ್ಲ. ಮತ್ತ ಯಾರರ ಕೈ ಕೊಟ್ರ ನಾ ಒಲ್ಲೆ ಅನ್ನಾಕ ಬರೂದಿಲ್ಲ.”

ಗೊತ್ತು. ಅದು ಸಂತೆಯ ನೇಮ. ದರ ಕುದುರಿದ ಮೇಲೆ ಕೈ ತೆಗೆದವನಿಗೆ ಮಾಲಿನ ಮೇಲೆ ಹಕ್ಕಿಲ್ಲ.

19 ಜನವರಿ, ಸಂಜೆ 7

ತುಟಿ ಒಡೆದಿದೆ. ಇದು ಬೀಟ್‌ರೂಟ್ ಅಲ್ಲ.

ಫಕ್ಕೀರವ್ವ ನಿನ್ನೆ ಒಪ್ಪಿದಳು. “ಸಾಯೂದಾದ್ರ ಮನಸ್ಸಿನಂಗ ಸಾಯ್ರಿ” ಅಂದಳು. ಕುಣಿಯುತ್ತ ಸವಣೂರಿಗೆ ಹೋದೆ. ಶೆಡ್ಡಿನಲ್ಲಿ ಮೃತ್ಯುಂಜಯ ಕೂತಿದ್ದ. ಅದೂ ಗಾಡಿಯೊಳಗೆ. ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿ. ಇಪ್ಪತ್ತೈದು ವರ್ಷದ ಹಿಂದೆ ಅವನ ಮದುವೆ ಮೆರವಣಿಗೆಯ ಟ್ರ್ಯಾಕ್ಟರಿಗೆ ಕತ್ತೆ ಒದರುವ ಹಾರ್ನು ಜೋಡಿಸಿದವ ನಾನು. ಅವತ್ತು ಬೀಗರ ಮುಂದೆ ನನ್ನ ಕಪಾಳಕ್ಕೆ ಬಾರಿಸಿದವ ಅವನು. ನಿನ್ನೆಯೇ ಟಾವೆಲ್ ಕೆಳಗೆ ಕೈ ಕೊಟ್ಟಿದ್ದಾನೆ. ರೊಕ್ಕವನ್ನೂ ಎಣಿಸಿಬಿಟ್ಟಿದ್ದಾನೆ.

“ಬರ್ರಿ ಪರಮೇಶ್ವರಪ್ಪಾರ. ಕತ್ತಿ ಹಾರ್ನು ಇದಕ್ಕೂ ಹಾಕಿ ಕೊಡ್ರಲಾ.”

“ಕತ್ತಿ ಒಳಗ ಕುಂತೈತಿ. ಹಾರ್ನು ಯಾಕ ಬೇಕು?”

ಇಳಿದು ಬಂದು ಗುದ್ದಿದ. ನಾನು ವ್ಹೀಲ್ ಪಾನಾ ಎತ್ತಿಕೊಂಡೆ. ಅವನ ಮಂಡೆಗೇ ಎತ್ತಿದ್ದೆ. ಕೌಸರ ಚೀರಿದಳು. ಮಜೀದ ನಡುವೆ ಬಿದ್ದು ಪಾನಾ ಕಸಿದ. ಇಲ್ಲದಿದ್ದರೆ ಇವತ್ತು ಒಂದು ಹೆಣ ಬೀಳುತ್ತಿತ್ತು. ಯಾರದೆಂದು ಹೇಳಲಾರೆ.

ಮೃತ್ಯುಂಜಯ ಹೋದ ಮೇಲೆ ಮಜೀದ ನೀರು ತಂದು ಕೊಟ್ಟ. “ಸಿಟ್ಟಾಗಬ್ಯಾಡ್ರಿ ಕಾಕಾ. ಶನಿವಾರ ಒಯ್ತಾನ. ನಿಮ್ಮಷ್ಟು ತಿಳದಾವ್ರು ನನಗ ಯಾರದಾರ? ಒಮ್ಮೆ ಎಲ್ಲಾ ನೋಡಿ ಕೊಡ್ರಿ.” ತೋಟಕ್ಕೆ ನೀರು ಬಿಡಲು ಹೋದ.

ನೋಡಿದೆ. ಬೆಲ್ಟು ಬಿಗಿ ಮಾಡಿದೆ. ಬ್ರೇಕಿನ ಎಣ್ಣೆ ಕಡಿಮೆಯಿತ್ತು, ತುಂಬಿಸಿದೆ. ಸಿಟ್ಟು ಸಿಟ್ಟಿನ ಕಡೆ, ಕೆಲಸ ಕೆಲಸದ ಕಡೆ.

26 ಜನವರಿ, ಮಧ್ಯಾಹ್ನ 12

ಕೌಸರಳ ಫೋನು. ಅಳು. ಏನೂ ತಿಳಿಯಲಿಲ್ಲ. ಆಮೇಲೆ ಮಜೀದ ತೆಗೆದುಕೊಂಡ.

ನಿನ್ನೆ ಸಂಜೆ ಮೃತ್ಯುಂಜಯ ಗಾಡಿ ಒಯ್ದ. ಬಂಕಾಪುರ ದಾರಿ. ಸವಣೂರು ದಾಟಿ ಆರೇಳು ಕಿಲೋಮೀಟರು ಆಗಿರಬೇಕು. ಬ್ರೇಕು ಹಿಡಿಯಲಿಲ್ಲ. ಎದುರಿಗೆ ಕಬ್ಬಿನ ಟ್ರ್ಯಾಲಿ. ಎಡಕ್ಕೆ ಎಳೆದಿದ್ದಾನೆ. ಕಲ್ಲಿನ ಸೇತುವೆಯ ಕಟ್ಟೆಗೆ. ಮುಂದಿನ ಭಾಗ ಮಡಚಿ ಅವನ ತೊಡೆಯ ಮೇಲೆ ಬಂದಿದೆ. ಗ್ಯಾಸ್ ಕಟರ್ ತಂದು ಕೊಯ್ದು ತೆಗೆದರಂತೆ. ಅಷ್ಟು ಹೊತ್ತೂ ಎಚ್ಚರ ಇತ್ತಂತೆ. ಹುಬ್ಬಳ್ಳಿಯಲ್ಲಿ ಬಲಗಾಲು ಮೊಣಕಾಲ ಕೆಳಗೆ ತೆಗೆದಿದ್ದಾರೆ.

ಮೃತ್ಯುಂಜಯನನ್ನು ಮೃತ್ಯು ಬಿಟ್ಟಿತು, ಕಾಲನು ಕಾಲನ್ನು...

ಛೆ. ಆ ಸಾಲು ಹೊಡೆದು ಹಾಕಿದೆ.

28 ಜನವರಿ

ಸವಣೂರಿಗೆ ಹೋಗಿದ್ದೆ. ಹೋಗಬಾರದಿತ್ತು.

ನಾನು ಮುಟ್ಟಿದ ಹತ್ತು ನಿಮಿಷಕ್ಕೆ ಟೋಚನ್ ಗಾಡಿ ಬಂತು. ಇಟಲಿ ಗಾಡಿಯನ್ನು ಎಳೆದು ತಂದು ಮಜೀದನ ಬಾಗಿಲಲ್ಲಿ ಒಗೆದರು. ಒಂದು ದೀಪ ಎದ್ದು ನಿಂತಿತ್ತು, ಇನ್ನೊಂದು ಇರಲಿಲ್ಲ. ಸೀಟಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ನೊಣ.

ಹಿಂದೆ ಜೀಪು. ಮೃತ್ಯುಂಜಯನ ತಮ್ಮ ಸುಭಾಸ, ಜೊತೆಗೆ ಮೂವರು. ಸುಭಾಸನ ಕೈಯಲ್ಲಿ ಕಬ್ಬಿಣದ ಪೈಪು.

“ಹುಬ್ಬಳ್ಳಿ ಮೆಕ್ಯಾನಿಕ್ ಬಿಚ್ಚಿ ನೋಡ್ಯಾನಲೇ! ಬ್ರೇಕಿನ್ಯಾಗ ಟ್ರ್ಯಾಕ್ಟರ್ ಎಣ್ಣಿ ಐತಂತ. ರಬ್ಬರೆಲ್ಲಾ ಉಬ್ಬಿ ಹೊಟ್ಟಿ ಆಗ್ಯಾವ. ಯಾರ ಹಾಕಿದ್ರು?”

ಮಜೀದ ಉತ್ತರ ಕೊಡುವ ಮೊದಲೇ ಪೈಪು ಮೊಣಕೈಗೆ ಬಿತ್ತು. ಒಣ ತೊಗರಿಕಟ್ಟಿಗೆ ಮುರಿದ ಸದ್ದು. ಬಿದ್ದ. ಪಕ್ಕೆಗೆ ಒದ್ದರು. ಕೌಸರ ಮೇಲೆ ಬಿದ್ದಳು, ಅವಳ ಜಡೆ ಹಿಡಿದು ಎಳೆದು ಒಗೆದರು. ನಾನು ಶೆಡ್ಡಿನ ಕಂಬ ಹಿಡಿದು ನಿಂತಿದ್ದೆ. ಹತ್ತು ಹೆಜ್ಜೆ ದೂರ.

ಸುಭಾಸ ನನ್ನ ಕಡೆ ತಿರುಗಿದ. “ಈ ಮುದಕ ಟ್ರ್ಯಾಕ್ಟರ್ ಮೇಸ್ತ್ರಿ ಅಲ್ಲೇನ? ಇವನ ಮುಟ್ಟಿದ್ದೇನ ಗಾಡಿ?”

ಮಜೀದ ನೆಲದಿಂದ ತಲೆ ಎತ್ತಿದ. ನನ್ನನ್ನು ನೋಡಿದ. ಬಾಯಿ ತುಂಬ ರಕ್ತ.

“ಇಲ್ರಿ. ಕಾಕಾ ಮುಟ್ಟಿಲ್ಲ. ನಾನ ಹಾಕೇನಿ. ಗೊತ್ತಾಗ್ಲಿಲ್ರಿ.”

ಮತ್ತೆ ಶುರುವಾಯಿತು. ಪೈಪು ಏಳುವುದು, ಇಳಿಯುವುದು. ನಾನು ಎಣಿಸಿದೆ. ಯಾಕೆ ಎಣಿಸಿದೆ? ಬೇರೆ ಏನೂ ಮಾಡಲಿಲ್ಲ, ಅದಕ್ಕೆ. ಒಂಬತ್ತು.

ಹೋಗುವಾಗ ಸುಭಾಸ ಹೇಳಿದ್ದು: “ಹದಿನೈದ ದಿವ್ಸದಾಗ ಅಣ್ಣನ ರೊಕ್ಕ ವಾಪಸ್ ಬರಬೇಕು. ಇಲ್ಲಂದ್ರ ಆ ಕೈನೂ ಇರೂದಿಲ್ಲ, ಕಾಲೂ ಇರೂದಿಲ್ಲ.”

7 ಫೆಬ್ರವರಿ

ಇಷ್ಟು ದಿನ ಬರೆಯಲಿಲ್ಲ.

ಮಜೀದ ಮನೆಗೆ ಬಂದಿದ್ದಾನೆ. ಎರಡು ಪಕ್ಕೆಲುಬು, ಮೊಣಕೈಗೆ ರಾಡು. ಪೊಲೀಸರು ಕೇಳಿದಾಗ ಜಾರಿ ಬಿದ್ದೆ ಅಂದನಂತೆ. ಮೃತ್ಯುಂಜಯನ ರೊಕ್ಕವನ್ನು ಅವನು ಆಗಲೇ ತೋಟದ ಬೋರಿಗೆ, ಹೊಸ ಬಳ್ಳಿಗೆ ಹಾಕಿಬಿಟ್ಟಿದ್ದಾನೆ. ಈಗ ತೋಟ ಮಾರುವ ಮಾತು.

ಕೌಸರ ಚಹಾ ತರಲು ಒಳಗೆ ಹೋದಾಗ ಕೇಳಿದೆ. “ಯಾಕೋ ಹಂಗ ಹೇಳ್ದಿ?”

“ನಿಮ್ಮ ವಯಸ್ಸಿಗೆ ಆ ಪೈಪು ತಡೀತಿತ್ತೇನ್ರಿ ಕಾಕಾ? ನೀವ ಪ್ರೀತೀಲೆ ಹಾಕಿದ್ರಿ. ಡಬ್ಬಿ ತಪ್ಪೇತಿ. ಟ್ರ್ಯಾಕ್ಟರ್ ಕೈ ಅದು, ರೂಢಿ ಮ್ಯಾಲ ಹೋಗೇತಿ. ನಾನ ನಿಮಗ ಗಾಡಿ ಒಪ್ಪಿಸಿದ್ದು. ನನ್ನ ತಪ್ಪು.”

“ಹೂಂ,” ಅಂದೆ. “ಡಬ್ಬಿ ತಪ್ಪೇತಿ.”

ಚಹಾ ಕುಡಿದೆ. ಸಕ್ಕರೆ ಜಾಸ್ತಿ ಇತ್ತು, ನನಗೆ ಇಷ್ಟ ಅಂತ.

8 ಫೆಬ್ರವರಿ

ಕೊಳ್ಳಬೇಕು. ಮೊದಲಿನ ದರಕ್ಕೇ.

ಕೊಂಡರೆ ಸುಭಾಸನ ರೊಕ್ಕ ಮುಟ್ಟುತ್ತದೆ, ಮಜೀದನ ಕೈ ಉಳಿಯುತ್ತದೆ, ತೋಟ ಉಳಿಯುತ್ತದೆ. ನನ್ನ ಗ್ಯಾರೇಜು ಹೋಗುತ್ತದೆ. ಹೋಗಲಿ.

ಇನ್ನೊಂದೂ ಇದೆ. ಕೊಂಡರೆ ಆ ಬ್ರೇಕು, ಆ ಎಣ್ಣೆ, ಎಲ್ಲ ನನ್ನ ಅಂಗಳಕ್ಕೆ ಬರುತ್ತದೆ. ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಿ ನೋಡುವುದಿಲ್ಲ. ಯಾವ ಕಾರಣಕ್ಕೆ ಕೊಳ್ಳುತ್ತಿದ್ದೇನೆ? ಬೆಳಿಗ್ಗೆ ಮೊದಲನೆಯದು ಅನಿಸಿತು. ಈಗ ಗೊತ್ತಿಲ್ಲ.

ಫಕ್ಕೀರವ್ವ ಈ ಸಲ ಏನೂ ಒಗೆಯಲಿಲ್ಲ. “ಮುದ್ದಿ ಆಗಿದ್ದ ಗಾಡಿಗೆ ಪೂರಾ ರೊಕ್ಕ ಯಾಕ?” ಅಂದಳು.

“ಮಜೀದನ ಸಲುವಾಗಿ.”

ನನ್ನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಪೆಟ್ಟಿಗೆಯಿಂದ ಜಾಗದ ಕಾಗದ ತೆಗೆದು ಕೊಟ್ಟಳು.

11 ಫೆಬ್ರವರಿ, ಸಂಜೆ 6

ಆಯಿತು. ಜಾಗ ಹೋಯಿತು. ರೊಕ್ಕ ಒಯ್ದು ಮಜೀದನ ಹಾಸಿಗೆಯ ಮೇಲೆ ಇಟ್ಟೆ. ಸುಭಾಸ ಜೀಪಿನಿಂದ ಇಳಿಯದೆ ಎಣಿಸಿಕೊಂಡು ಹೋದ. “ಕುಂಟಗ ಏನ ಹೇಳ್ಲಿ?” ಅಂತ ನನ್ನನ್ನೇ ಕೇಳಿದ. ಅಣ್ಣನನ್ನು ಕುಂಟ ಅಂದ. ಅಂದು, ಸ್ಟೇರಿಂಗ್ ಹಿಡಿದು ಅತ್ತ.

ಮಜೀದ ಎಡಗೈಯಿಂದ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. “ಅಪ್ಪ ಇದ್ದಿದ್ರೂ ಇಷ್ಟು ಮಾಡ್ತಿದ್ದಿಲ್ರಿ ಕಾಕಾ.” ಕೌಸರ ನನ್ನ ಕಾಲು ಮುಟ್ಟಲು ಬಗ್ಗಿದಳು. ಹಿಂದೆ ಸರಿದೆ. ಬಾಗಿಲ ಚೌಕಟ್ಟಿಗೆ ತಲೆ ಬಡಿಯಿತು. ಒಳ್ಳೆಯದಾಯಿತು. ಇನ್ನೂ ಜೋರಾಗಿ ಬಡಿಯಬೇಕಿತ್ತು.

ಗಾಡಿ ಈಗ ನನ್ನ ಅಂಗಳದಲ್ಲಿದೆ. ಒಂದೇ ಕಣ್ಣು. ನಾನು ಕಿಟಕಿ ಹಾಕಿಕೊಂಡು ಬರೆಯುತ್ತಿದ್ದೇನೆ.

ಇಲ್ಲಿ ಯಾರೂ ಓದುವುದಿಲ್ಲ. ಇಲ್ಲಾದರೂ.

ಅವತ್ತು ನನ್ನ ರಿಪೇರಿ ಚೀಲದಲ್ಲಿ ಎರಡೂ ಡಬ್ಬಿ ಇದ್ದವು. ಬ್ರೇಕಿನದು ಸಣ್ಣದು, ಹಳದಿ. ಟ್ರ್ಯಾಕ್ಟರಿನದು ನೀಲಿ. ಸಣ್ಣದನ್ನು ಮೊದಲು ಕೈಗೆ ತೆಗೆದುಕೊಂಡೆ. ಮುಚ್ಚಳವನ್ನೂ ತಿರುವಿದೆ. ಒಡೆದ ತುಟಿ ಉರಿಯಿತು. ಮುಚ್ಚಳ ಹಾಕಿ ವಾಪಸ್ ಇಟ್ಟೆ. ರಬ್ಬರು ಉಬ್ಬುತ್ತದೆ, ಗಾಲಿ ಹಿಡಿದುಕೊಳ್ಳುತ್ತದೆ, ಗಾಡಿ ಶೆಡ್ಡಿನಿಂದಲೇ ಹೊರಡುವುದಿಲ್ಲ, ಅವನು ಒಲ್ಲೆ ಅಂತಾನೆ, ಅಗ್ಗಕ್ಕೆ ನನಗೇ ಬರುತ್ತದೆ. ಅಷ್ಟೇ ಅಂದುಕೊಂಡಿದ್ದೆ. ಅಷ್ಟೇನಾ? ದಾರಿಯಲ್ಲಿ ಬ್ರೇಕು ಪೂರಾ ಹೋಗಬಹುದು ಅನ್ನುವುದು ನಲವತ್ತು ವರ್ಷದ ಮೇಸ್ತ್ರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಡಬ್ಬಿ ತಪ್ಪಲಿಲ್ಲ. ನೀಲಿ ಡಬ್ಬಿಯನ್ನು ನೋಡಿಯೇ ತೆಗೆದುಕೊಂಡೆ. ಬಗ್ಗಿಸಿದೆ. ತುಂಬಿದ ಮೇಲೆ ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಮನೆಗೆ ಬಂದು, “ಸಿಟ್ಟು ಸಿಟ್ಟಿನ ಕಡೆ, ಕೆಲಸ ಕೆಲಸದ ಕಡೆ” ಅಂತ ಇಲ್ಲೇ ಬರೆದೆ.