ತಾಮ್ರದ ತಗಡಿನ ಮಗು

ಆಂಟ್ವರ್ಪ್, ಮಂಗಳವಾರ

ಅಕ್ಕಾ,

ಈ ಊರು ಒಗ್ಗಿತು, ನಿದ್ದೆ ಮಾತ್ರ ಇಲ್ಲ. ನಮ್ಮ ಯಜಮಾನರು ಕೆಲಸ ಮಾಡುವ ಅಚ್ಚುಮನೆಯಲ್ಲಿ ಮುನ್ನೂರು ವರ್ಷದ, ಚಿತ್ರ ಕೊರೆದ ತಾಮ್ರದ ತಗಡೊಂದಿದೆ; ಅದಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಪ್ರತಿ ಒತ್ತುತ್ತಿದ್ದಾರೆ. ಅದರಲ್ಲಿ ಪ್ರೇಮಿಗಳಿಗೆ ಬುದ್ಧಿ ಹೇಳುವ ಗಾದೆ, ಹುಡುಗಿಗೆ ಸೇಬು ನೀಡುವ ಹುಡುಗ, ಹಿಂದೆ ತೊಟ್ಟಿಲಲ್ಲಿ ಮಗು. ಥೇಟ್ ನಮ್ಮ ಕೂಸು ಲೀಸ್ಯೆಯ ಮುಖ. ನಲವತ್ತನೆಯ ಪ್ರತಿಯಲ್ಲಿ ಮಗುವಿನ ಕಣ್ಣು ಅಳಿಸಿಹೋಗಿತ್ತು. ಅಂದೇ ಲೀಸ್ಯೆಗೆ ಜ್ವರ. ಅರವತ್ತನೆಯದರಲ್ಲಿ ಬಾಯಿಯೂ ಇಲ್ಲ. ಇವಳು ಹಾಲು ಕುಡಿಯುವುದನ್ನೇ ಬಿಟ್ಟಳು.

"ಒತ್ತಿದಷ್ಟೂ ಗೆರೆ ಸವೀತದೆ ಕಣೇ, ನಿದ್ದೆಗೆಟ್ಟು ನಿನ್ನ ತಲೆ ಸವೆದ ಹಾಗೆ!" ಎಂದು ನಮ್ಮವರು, ಯೋರಿಸ್, ನಕ್ಕರು. ಇನ್ನೂ ಇಪ್ಪತ್ತು ಪ್ರತಿ ಒತ್ತಬೇಕಂತೆ.

ತಗಡನ್ನು ಲೀಸ್ಯೆಯ ಹಾಸಿಗೆಯಡಿ ಬಚ್ಚಿಟ್ಟಿದ್ದೇನೆ. ಸಿಗದಿದ್ದರೆ ಇವರ ಕೆಲಸ ಹೋಗುತ್ತದೆ. ಉತ್ತರದಲ್ಲಿ ಆ ಮಾತೆತ್ತಬೇಡ, ನಿನ್ನ ಕಾರ್ಡು ಮೊದಲು ಓದುವವರು ಇವರೇ. ಜಾಗ ಮುಗಿಯಿತು. ಲೀಸ್ಯೆ ಈಗಷ್ಟೇ ಹಾಲು ಕುಡಿದಳು.

ನಿನ್ನ ಹಿಲ್ಲೆ