ಗಿರಿಜಾ ಬಿಗಿದ ಬೋಲ್ಟುಗಳು

೧೪ ನವೆಂಬರ್, ಶುಕ್ರವಾರ

ಕೊಬ್ಬರಿ ಅಟ್ಟದ ಕೆಳಗೆ ನಿಂತಿರುವ ನಮ್ಮ ಹಳೇ ಸ್ಪೋರ್ಟ್ಸ್ ಕಾರನ್ನು ಇವತ್ತು ಮೆಕ್ಯಾನಿಕ್ ನಜೀರ್ ಸಾಬರು ಬಂದು ನೋಡಿದರು.

"ಆಯಿಲ್‌ಗೆ ನೀರು ಸೇರ್ಕೊಂಡೈತೆ. ಎಂಜಿನ್ ಪೂರ್ತಿ ಬಿಚ್ಬೇಕು. ಗ್ಯಾರೇಜಿಗೆ ಕಳ್ಸಿ, ಮಾಡ್ಕೊಡ್ತೀನಿ."

ಹೋದ ಸಲ ಆ ಎಂಜಿನ್ ಜೋಡಿಸಿದವಳು ನನ್ನ ಹೆಂಡತಿ ಗಿರಿಜಾ. ನಾನು ಟಾರ್ಚ್ ಹಿಡಿದು ನಿಂತಿದ್ದೆ, ಅಷ್ಟೆ. ಅವಳು ತೀರಿಕೊಂಡು ಐದು ತಿಂಗಳಾಯಿತು. ಒಳಗಿನ ಒಂದೊಂದು ಬೋಲ್ಟೂ ಅವಳ ಕೈಯೇ ಬಿಗಿದದ್ದು. ಬಿಚ್ಚಿದರೆ ಅದೂ ಹೋಗುತ್ತದೆ.

"ನಾನೇ ಬಿಚ್ತೀನಿ ಸಾಬ್ರೇ" ಅಂದೆ.

"ನಿಮ್ಗದು ಬರಲ್ಲ ಕಣ್ರೀ, ಬೆಟ್ಟಸ್ವಾಮಣ್ಣ."

"ಗೊತ್ತು. ನೀವು ಪಕ್ಕದಲ್ಲಿರಿ."

ಅವರು ಬಾನೆಟ್ ಮುಚ್ಚಿ, "ಭಾನುವಾರ ಬತ್ತೀನಿ" ಅಂದರು.

ಅಳು ಬರಲಿಲ್ಲ. ಇದನ್ನು ಬರೆಯುವಾಗಲೂ ಇಲ್ಲ. ನಿದ್ದೆ ಮಾತ್ರ ಬರುತ್ತಿದೆ.